ಒಂಬತ್ತು ಗೆಲುವು, ಒಂದು ಒಲ್ಲೆ

1951ರ ಕೊನೆಯ ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ತಂಡವನ್ನು ಮುಚ್ಚಿಬಿಟ್ಟಿತು. ಆ ವರ್ಷ ತಂಡ ಆಡಿದ್ದು ಒಂಬತ್ತು ಪಂದ್ಯ, ಗೆದ್ದದ್ದೂ ಒಂಬತ್ತು. ಸೋಲು ಇರಲಿ, ಒಂದು ಸಮಬಲವೂ ಇರಲಿಲ್ಲ. ದೇಶದಲ್ಲೇ ಅತಿ ಹೆಚ್ಚು ಗಜ ಓಡಿದ ಆಟಗಾರ ಆ ತಂಡದಲ್ಲಿದ್ದ. ಮುಂದೆ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರ ಸೇರಲಿದ್ದ ಮೂವರು ಒಟ್ಟಿಗೆ ಅದರ ಕಣದಲ್ಲಿದ್ದರು. ಅಂಥ ತಂಡ ಹೊಸ ವರ್ಷ ಹುಟ್ಟುವ ಹೊತ್ತಿಗೆ ಇಲ್ಲವಾಯಿತು. ಮುಚ್ಚಿದ್ದಕ್ಕೆ ವಿಶ್ವವಿದ್ಯಾಲಯ ಕೊಟ್ಟ ಕಾರಣ ದುಡ್ಡು. ಆ ದುಡ್ಡು ಬರುವ ದಾರಿಯೊಂದು ಕೆಲವೇ ವಾರಗಳ ಹಿಂದೆ ತೆರೆದಿತ್ತು. ಆಟಗಾರರು ಆ ದಾರಿಯಲ್ಲಿ ಹೋಗಲು ಒಪ್ಪಲಿಲ್ಲ.

ಅವರು ಯಾಕೆ ಒಪ್ಪಲಿಲ್ಲ ಎಂಬುದೇ ಈ ಲೇಖನದ ವಿಷಯ. ಅದು ತಿಳಿಯಬೇಕಾದರೆ ಮೊದಲು ಆ ಹುಡುಗರು ಯಾರು, ಎಲ್ಲಿಂದ ಬಂದವರು ಎಂದು ನೋಡಬೇಕು.

ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ 1855ರಲ್ಲಿ ಜೆಸ್ಯುಯಿಟ್ ಪಾದ್ರಿಗಳು ಕಟ್ಟಿದ ಸಂಸ್ಥೆ. ಊರಿನ ಪಶ್ಚಿಮ ಭಾಗದ ಒಂದು ಗುಡ್ಡದ ಮೇಲಿದೆ. ಇಂದು ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಗೋಲ್ಡನ್ ಗೇಟ್ ಪಾರ್ಕಿಗೆ ಹೋಗುವಾಗ ಅದರ ಅವಳಿ ಗೋಪುರದ ಚರ್ಚನ್ನು ನೋಡಿರುತ್ತಾರೆ. ಆಗ ಅಲ್ಲಿದ್ದದ್ದು ಸಾವಿರದ ಚಿಲ್ಲರೆ ವಿದ್ಯಾರ್ಥಿಗಳು. ಹೆಚ್ಚಿನವರು ದುಡಿಯುವ ಮನೆಗಳ ಕ್ಯಾಥೊಲಿಕ್ ಹುಡುಗರು: ಇಟಾಲಿಯನ್, ಐರಿಷ್, ಪೋರ್ಚುಗೀಸ್ ಮೂಲದವರು. ಅನೇಕರು ಎರಡನೇ ಮಹಾಯುದ್ಧದಿಂದ ಮರಳಿ, ಮಾಜಿ ಸೈನಿಕರಿಗೆ ಸರ್ಕಾರ ಕೊಡುತ್ತಿದ್ದ ಶಿಕ್ಷಣ ನೆರವಿನಲ್ಲಿ ಓದುತ್ತಿದ್ದವರು. ಕೊಲ್ಲಿಯಾಚೆ ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ದಕ್ಷಿಣಕ್ಕೆ ಸ್ಟ್ಯಾನ್‌ಫರ್ಡ್. ಆ ಎರಡು ಘಟಾನುಘಟಿಗಳ ನಡುವೆ ಈ ಪುಟ್ಟ ಕಾಲೇಜು. ತಂಡದ ಹೆಸರು ಡಾನ್ಸ್.

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಆಡುವ ಕಾಲ್ಚೆಂಡಿನಾಟದಂತಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು ಅಥವಾ ಎಸೆಯಬೇಕು. ನೂರು ಗಜದ ಕಣ, ಒಂದೊಂದು ಕಡೆ ಹನ್ನೊಂದು ಜನ. ಹತ್ತು ಗಜ ಮುಂದೆ ಹೋಗಲು ನಾಲ್ಕು ಪ್ರಯತ್ನ ಸಿಗುತ್ತವೆ. ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಆಚೆ ಗಡಿ ದಾಟಿದರೆ ಟಚ್‌ಡೌನ್, ಆರು ಅಂಕ. ಚೆಂಡು ಹಿಡಿದವನನ್ನು ಕಬಡ್ಡಿಯಲ್ಲಿ ಹಿಡಿದು ಕೆಡವುವಂತೆಯೇ ಕೆಡವುತ್ತಾರೆ. ವ್ಯತ್ಯಾಸವೆಂದರೆ ನೂರು ಕೆಜಿ ತೂಕದವರು ಪೂರ್ತಿ ವೇಗದಲ್ಲಿ ಬಂದು ಅಪ್ಪಳಿಸುತ್ತಾರೆ. ಪಕ್ಕದವನು ತನ್ನ ಎದೆ ಒಡ್ಡದಿದ್ದರೆ ಓಡುವವನು ಎರಡು ಹೆಜ್ಜೆಯನ್ನೂ ಇಡಲಾರ. ಈ ಒಂದು ಸಂಗತಿ ನೆನಪಿರಲಿ. ಆ ಹುಡುಗರ ನಡುವೆ ಬೆಳೆದ ನಂಬಿಕೆಯ ಬೇರು ಇಲ್ಲಿದೆ.

1948ರಲ್ಲಿ ಕೋಚ್ ಆಗಿ ಬಂದವನು ಜೋ ಕುಹಾರಿಚ್. ನೋಟರ್ ಡೇಮ್‌ನಲ್ಲಿ ಆಡಿ, ವೃತ್ತಿಪರ ಫುಟ್‌ಬಾಲನ್ನೂ ಕಂಡಿದ್ದವನು, ಕಟ್ಟುನಿಟ್ಟಿನ ಮನುಷ್ಯ. ಮೊದಲ ವರ್ಷ ಎರಡು ಗೆಲುವು, ಏಳು ಸೋಲು. ಮರುವರ್ಷ ಏಳು ಗೆಲುವು, ಮೂರು ಸೋಲು. 1950ರಲ್ಲಿ ಏಳು ಗೆಲುವು, ನಾಲ್ಕು ಸೋಲು. ಬೇಸಿಗೆ ಬಂತೆಂದರೆ ಹುಡುಗರನ್ನು ಸ್ಯಾಕ್ರಮೆಂಟೊ ಕಣಿವೆಯ ಕಾರ್ನಿಂಗ್ ಎಂಬ ಊರಿಗೆ ಕರೆದೊಯ್ಯುತ್ತಿದ್ದ. ಆಲಿವ್ ತೋಟಗಳ ಊರು, ಉರಿ ಬಿಸಿಲು. ಸ್ಯಾನ್ ಫ್ರಾನ್ಸಿಸ್ಕೊದ ಮಂಜಿಗೆ ಒಗ್ಗಿದ ಮೈಗೆ ಅಲ್ಲಿನ ತಾಲೀಮು ನರಕವೇ ಆಗಿತ್ತು. ಮುದುಕರಾದ ಮೇಲೂ ಆ ಆಟಗಾರರು ಪಂದ್ಯಗಳ ಮಾತಿಗಿಂತ ಮೊದಲು ಕಾರ್ನಿಂಗ್‌ನ ಮಾತೆತ್ತುತ್ತಿದ್ದರು. ಅಲ್ಲಿ ಬವಳಿ ಬಿದ್ದವರನ್ನು ಎತ್ತಿದವರು, ಒಂದೇ ಸಾಲಿನಲ್ಲಿ ನಿಂತು ವಾಂತಿ ಮಾಡಿದವರು ಒಬ್ಬರನ್ನೊಬ್ಬರು ಬಿಡದಂತಾದರು.

ಅವರಲ್ಲಿ ಜಿನೊ ಮಾರ್ಕೆಟ್ಟಿ ಎಂಬವನು ಹದಿಹರೆಯದಲ್ಲೇ ಸೈನ್ಯ ಸೇರಿ, 1944-45ರ ಚಳಿಗಾಲದಲ್ಲಿ ಯೂರೋಪಿನ ಬಲ್ಜ್ ಕಾಳಗದಲ್ಲಿ ಮೆಷಿನ್‌ಗನ್ ಹಿಡಿದಿದ್ದವನು. ಇಟಲಿಯಿಂದ ವಲಸೆ ಬಂದವರ ಮಗ, ಆಂಟಿಯಾಕ್ ಊರಿನವನು. ಕಾಲೇಜಿಗೆ ಸೇರಿಸಿಕೊಳ್ಳಲೆಂದು ಕರೆಸಿದಾಗ ಅವನು ಮೋಟಾರ್‌ಸೈಕಲ್ ಏರಿ, ಜಿಪ್ಪುಗಳ ತೊಗಲಿನ ಜಾಕೆಟ್ ತೊಟ್ಟು ಬಂದಿದ್ದನಂತೆ. ಕುಹಾರಿಚ್‌ಗೆ ಆ ವೇಷ ಕಂಡು ಸಿಟ್ಟು ಬಂದಿತ್ತು. ಬಾಬ್ ಸೇಂಟ್ ಕ್ಲೇರ್ ಸ್ಯಾನ್ ಫ್ರಾನ್ಸಿಸ್ಕೊದವನೇ ಆದ ಹುಡುಗ, ಎತ್ತರ ಆರಡಿ ಒಂಬತ್ತಂಗುಲ, ಹಸಿ ಮಾಂಸ ತಿನ್ನುವವನೆಂದು ಹೆಸರಾದವನು. ಅವನು ಓದಿದ ಪಾಲಿಟೆಕ್ನಿಕ್ ಹೈಸ್ಕೂಲ್, ಡಾನ್ಸ್ ತಂಡದ ತವರು ಮೈದಾನವಾದ ಕೀಝಾರ್ ಕ್ರೀಡಾಂಗಣದ ಎದುರಿಗೇ ಇತ್ತು. ಎಡ್ ಬ್ರೌನ್ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಜೋ ಸ್ಕುಡೆರೊ ಗಿಡ್ಡ, ಆದರೆ ಕೈಗೆ ಸಿಗದಷ್ಟು ಚುರುಕು.

ಉಳಿದ ಇಬ್ಬರ ಬಗ್ಗೆ ಸಾವಕಾಶವಾಗಿ ಹೇಳಬೇಕು.

ಆಲಿ ಮ್ಯಾಟ್ಸನ್ ಹುಟ್ಟಿದ್ದು 1930ರಲ್ಲಿ, ಟೆಕ್ಸಸ್‌ನ ಟ್ರಿನಿಟಿ ಎಂಬ ಸಣ್ಣ ಊರಿನಲ್ಲಿ. ಹುಡುಗನಾಗಿದ್ದಾಗಲೇ ಕುಟುಂಬ ಸ್ಯಾನ್ ಫ್ರಾನ್ಸಿಸ್ಕೊಕ್ಕೆ ಬಂತು. ಎತ್ತರದ ಗಟ್ಟಿ ಮೈಯ ಓಟಗಾರ, ಮಾತು ಕಡಿಮೆ. ನಾಲ್ಕು ನೂರು ಮೀಟರ್ ಓಟದಲ್ಲಿ ಜಗತ್ತಿನ ಮುಂಚೂಣಿಯವರ ಸಾಲಿಗೆ ಸೇರುವಷ್ಟು ವೇಗ. ಅಷ್ಟು ವೇಗದವನು ತೊಂಬತ್ತೈದು ಕೆಜಿ ಮೈ ಹೊತ್ತು ಬಂದರೆ ತಡೆಯುವವರು ಯಾರು? ಬರ್ಲ್ ಟೋಲರ್ ಟೆನೆಸಿಯ ಮೆಂಫಿಸ್‌ನವನು. ಊರಲ್ಲಿದ್ದಾಗ ಸರಿಯಾಗಿ ಫುಟ್‌ಬಾಲ್ ಆಡಿದವನೇ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಕಾಲೇಜಿಗೆ ಬಂದಾಗ ಅವನ ಮೈಕಟ್ಟು ಕಂಡ ಕೋಚ್ ಅಭ್ಯಾಸಕ್ಕೆ ಕರೆದ. ಮೊದಲ ದಿನವೇ ಮೂರು ಬಾರಿ ಸತತವಾಗಿ ಚೆಂಡು ಹಿಡಿದು ನುಗ್ಗಿದವನನ್ನು ಟೋಲರ್ ನೆಲಕ್ಕೆ ಕೆಡವಿದನಂತೆ. ಕೆಳಗೆ ಬಿದ್ದವನು ಆಲಿ ಮ್ಯಾಟ್ಸನ್. ಇಬ್ಬರೂ ಸೇರಿ ಆಡಿದ ಸಿಟಿ ಕಾಲೇಜ್ ತಂಡ 1948ರಲ್ಲಿ ಅಜೇಯವಾಗಿತ್ತು. ಮರುವರ್ಷ ಇಬ್ಬರೂ ಒಟ್ಟಿಗೇ ಗುಡ್ಡ ಹತ್ತಿ ಡಾನ್ಸ್ ಸೇರಿದರು.

ಆ ತಂಡದಲ್ಲಿದ್ದ ಕಪ್ಪು ಆಟಗಾರರು ಇವರಿಬ್ಬರೇ.

1951ರ ಋತು ಸ್ಯಾನ್ ಹೊಸೆ ಸ್ಟೇಟ್ ವಿರುದ್ಧ 39-2ರ ಗೆಲುವಿನಿಂದ ಶುರುವಾಯಿತು. ಆ ವರ್ಷದ ಪಟ್ಟಿ ನೋಡಿದರೆ ಪುಟ್ಟ ಕಾಲೇಜಿನ ಪಾಡು ಗೊತ್ತಾಗುತ್ತದೆ. ಬರ್ಕ್ಲಿ ಇಲ್ಲ, ಸ್ಟ್ಯಾನ್‌ಫರ್ಡ್ ಇಲ್ಲ. ಪಂದ್ಯಗಳ ಸಂಖ್ಯೆ ತುಂಬಿಸಲು ಸ್ಯಾನ್ ಹೊಸೆ ಜೊತೆ ಎರಡು ಬಾರಿ ಆಡಬೇಕಾಯಿತು. ನೌಕಾಪಡೆ ಮತ್ತು ಮರೀನ್ ಶಿಬಿರಗಳ ತಂಡಗಳ ವಿರುದ್ಧವೂ ಆಡಬೇಕಾಯಿತು. ಡಾನ್ಸ್‌ನಂಥ ಪುಟ್ಟ ತಂಡವನ್ನು ಸೋಲಿಸಿದರೆ ದೊಡ್ಡವರಿಗೆ ಹೆಸರು ಬರುವುದಿಲ್ಲ, ಸೋತರೆ ಮಾನ ಹೋಗುತ್ತದೆ. ಹಾಗಿದ್ದಾಗ ಯಾರು ಆಡಲು ಬರುತ್ತಾರೆ? ಆದರೆ ಇದೇ ಪಟ್ಟಿಯನ್ನು ಋತುವಿನ ಕೊನೆಗೆ ಇವರ ವಿರುದ್ಧವೇ ಬಳಸಲಾಯಿತು. ಋತು ಮುಗಿದ ಮೇಲೆ ನಡೆಯುವ ಬೌಲ್ ಪಂದ್ಯಕ್ಕೆ ಕರೆ ಯಾಕೆ ಬರಲಿಲ್ಲ ಎಂದರೆ ಎದುರಾಳಿಗಳು ದುರ್ಬಲರಾಗಿದ್ದರು ಎಂಬುದು ಬಹಿರಂಗದ ಉತ್ತರವಾಯಿತು.

ಕಾಲೇಜಿನ ಆಟದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ ಅಲ್ಲೇ ಓದಿ ಮುಗಿಸಿದ್ದ ಪೀಟ್ ರೋಝೆಲ್ ಎಂಬ ಯುವಕನದು. ಮ್ಯಾಟ್ಸನ್‌ನನ್ನು ನ್ಯೂಯಾರ್ಕಿನ ಕ್ರೀಡಾ ಬರಹಗಾರರ ಕಣ್ಣಿಗೆ ಬೀಳಿಸದೆ ದೇಶದಲ್ಲಿ ಹೆಸರಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವಕಾಶ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ನ್ಯೂಯಾರ್ಕಿನ ಇನ್ನೊಂದು ಜೆಸ್ಯುಯಿಟ್ ಸಂಸ್ಥೆಯಾದ ಫೋರ್ಡಮ್ ವಿರುದ್ಧ ರಾಂಡಲ್ಸ್ ದ್ವೀಪದ ಟ್ರೈಬರೊ ಕ್ರೀಡಾಂಗಣದಲ್ಲಿ ಪಂದ್ಯ. ಋತುವಿನಲ್ಲಿ ಡಾನ್ಸ್ ನಿಜಕ್ಕೂ ಬೆವರಿದ ಪಂದ್ಯ ಅದೊಂದೇ. ಫೋರ್ಡಮ್ ಅಂಕ ಗಳಿಸಿ ಚೆಂಡನ್ನು ಒದ್ದು ಕಳಿಸಿದಾಗ ಮ್ಯಾಟ್ಸನ್ ಅದನ್ನು ಹಿಡಿದು ಕಣದ ಈ ತುದಿಯಿಂದ ಆ ತುದಿಗೆ ಓಡಿ ಟಚ್‌ಡೌನ್ ಮಾಡಿದ. ಮತ್ತೊಮ್ಮೆ ಒದ್ದು ಕಳಿಸಿದರು. ಮತ್ತೊಮ್ಮೆ ಅಷ್ಟೇ ದೂರ ಓಡಿದ. ಡಾನ್ಸ್ 32, ಫೋರ್ಡಮ್ 26. ಮರುದಿನ ಪೂರ್ವ ಕರಾವಳಿಯ ಪತ್ರಿಕೆಗಳಲ್ಲಿ ಮ್ಯಾಟ್ಸನ್‌ನ ಹೆಸರಿತ್ತು.

ಅದೇ ಅಕ್ಟೋಬರ್‌ನಲ್ಲಿ ದೇಶದ ನಡುಭಾಗದಲ್ಲಿ ಇನ್ನೊಂದು ಘಟನೆ ನಡೆಯಿತು. ಅಯೋವಾದ ಡ್ರೇಕ್ ವಿಶ್ವವಿದ್ಯಾಲಯದ ಜಾನಿ ಬ್ರೈಟ್ ಕಪ್ಪು ಆಟಗಾರ, ದೇಶದ ಅತ್ಯುತ್ತಮರಲ್ಲಿ ಒಬ್ಬ. ಅಕ್ಟೋಬರ್ 20ರಂದು ಒಕ್ಲಹೋಮಾದ ಸ್ಟಿಲ್‌ವಾಟರ್‌ನಲ್ಲಿ ಒಕ್ಲಹೋಮಾ ಎ ಅಂಡ್ ಎಂ ವಿರುದ್ಧ ಆಡುತ್ತಿದ್ದಾಗ, ಚೆಂಡು ಅವನ ಕೈಯಲ್ಲಿಲ್ಲದ ಹೊತ್ತಿನಲ್ಲಿ, ಎದುರು ತಂಡದ ಬಿಳಿಯ ಆಟಗಾರನೊಬ್ಬ ಬಂದು ಅವನ ಮುಖಕ್ಕೆ ಗುದ್ದಿದ. ಮತ್ತೆ ಗುದ್ದಿದ. ದವಡೆ ಮುರಿಯಿತು. ದವಡೆ ಮುರಿದ ಮೇಲೂ ಬ್ರೈಟ್ ಒಂದು ಟಚ್‌ಡೌನ್ ಎಸೆದ. ಡೆ ಮಾಯ್ನ್ ರಿಜಿಸ್ಟರ್ ಪತ್ರಿಕೆಯ ಛಾಯಾಗ್ರಾಹಕರು ಗುದ್ದಿನ ಕ್ಷಣಗಳನ್ನು ಒಂದರ ಹಿಂದೊಂದರಂತೆ ಸೆರೆಹಿಡಿದಿದ್ದರು. ಆ ಚಿತ್ರಗಳಿಗೆ 1952ರ ಪುಲಿಟ್ಜರ್ ಪ್ರಶಸ್ತಿ ಬಂತು. ಆದರೆ ಗುದ್ದಿದವನಿಗೆ ಶಿಕ್ಷೆಯಾಗಲಿಲ್ಲ. ಆ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2005ರಲ್ಲಿ, ಬ್ರೈಟ್ ತೀರಿಕೊಂಡು ಇಪ್ಪತ್ತು ವರ್ಷ ಕಳೆದ ಮೇಲೆ. ಡಾನ್ಸ್ ಆಡುತ್ತಿದ್ದದ್ದು ಇಂಥ ಶರತ್ಕಾಲದಲ್ಲಿ.

ನವೆಂಬರ್ 17ರಂದು ಸ್ಟಾಕ್ಟನ್‌ನಲ್ಲಿ ಕಾಲೇಜ್ ಆಫ್ ದಿ ಪೆಸಿಫಿಕ್ ವಿರುದ್ಧ ಪಂದ್ಯ. ಎರಡೂ ತಂಡಗಳ ಮೇಲೆ ಬೌಲ್ ಸಮಿತಿಗಳ ಕಣ್ಣಿತ್ತು. ಪೆಸಿಫಿಕ್ ತವರಿನಲ್ಲಿತ್ತು, ಬಲವಾದ ತಂಡ, ಅದರ ತಾರೆ ಎಡ್ಡಿ ಮೇಕನ್ ಕೂಡ ಕಪ್ಪು ಆಟಗಾರ. ಡಾನ್ಸ್ 47-14ರಿಂದ ಗೆದ್ದಿತು. ಆ ಸಂಜೆ ಹುಡುಗರು ಹೊಸ ವರ್ಷದ ದಿನ ತಾವು ಎಲ್ಲಿ ಆಡುತ್ತೇವೆ ಎಂದು ಲೆಕ್ಕ ಹಾಕುತ್ತಿದ್ದರೆ ಅದು ಅತಿಯಾಸೆ ಆಗಿರಲಿಲ್ಲ.

ಬೌಲ್ ಪಂದ್ಯಗಳೆಂದರೆ ಋತು ಮುಗಿದ ಮೇಲೆ, ಆಗ ಮುಖ್ಯವಾಗಿ ಜನವರಿ ಒಂದರಂದು ನಡೆಯುತ್ತಿದ್ದ ಉತ್ಸವ ಪಂದ್ಯಗಳು. ಚಳಿ ಇಲ್ಲದ ದಕ್ಷಿಣದ ನಗರಗಳು ಪ್ರವಾಸಿಗರನ್ನು ಸೆಳೆಯಲು ಶುರುಮಾಡಿದ ಏರ್ಪಾಡು. ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್ ಎರಡೂ 1935ರಲ್ಲಿ ಹುಟ್ಟಿದವು. ಜ್ಯಾಕ್ಸನ್‌ವಿಲ್‌ನ ಗೇಟರ್ ಬೌಲ್ 1946ರಲ್ಲಿ. ಆಡಲು ಬರುವ ಕಾಲೇಜಿಗೆ ಟಿಕೆಟ್ ಹಣದಲ್ಲಿ ದೊಡ್ಡ ಪಾಲು ಸಿಗುತ್ತಿತ್ತು. ಪ್ಯಾಸಡೀನಾದ ರೋಸ್ ಬೌಲ್ ಹಳೆಯದು, ಹೆಚ್ಚು ಹೆಸರಿನದು; ಆದರೆ 1947ರಿಂದ ಅದು ಎರಡು ದೊಡ್ಡ ಕೂಟಗಳ ಸದಸ್ಯರಿಗಷ್ಟೇ ಮೀಸಲಾಗಿತ್ತು. ಡಾನ್ಸ್‌ಗೆ ಉಳಿದದ್ದು ದಕ್ಷಿಣದ ಬಾಗಿಲುಗಳು. ದಕ್ಷಿಣದಲ್ಲಿ ಆಗ ಶಾಲೆ, ಬಸ್ಸು, ನೀರಿನ ನಲ್ಲಿ, ಆಸ್ಪತ್ರೆ, ಕೊನೆಗೆ ಸ್ಮಶಾನ ಕೂಡ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಆಟದ ಕಣದಲ್ಲಿ ಬಿಳಿಯ ಹುಡುಗನೊಬ್ಬನನ್ನು ಕಪ್ಪು ಹುಡುಗ ಸಾವಿರಾರು ಜನರೆದುರು ಕೆಡವುವುದನ್ನು ಆ ವ್ಯವಸ್ಥೆ ಸಹಿಸುವಂತಿರಲಿಲ್ಲ.

ಆಟಗಾರರು ಮುಂದಿನ ವರ್ಷಗಳಲ್ಲಿ ಹೇಳಿಕೊಂಡು ಬಂದದ್ದು ಹೀಗೆ. ಕುಹಾರಿಚ್ ಎಲ್ಲರನ್ನೂ ಕೂರಿಸಿ ವಿಷಯ ಮುಂದಿಟ್ಟ. ಬೌಲ್‌ಗೆ ಹೋಗಬಹುದು, ಆದರೆ ಮ್ಯಾಟ್ಸನ್ ಮತ್ತು ಟೋಲರ್ ಇಬ್ಬರನ್ನೂ ಬಿಟ್ಟು ಹೋಗಬೇಕು. ಚರ್ಚೆ ನಡೆಯಲಿಲ್ಲ. ಮತ ಎಣಿಸುವ ಪ್ರಸಂಗವೂ ಬರಲಿಲ್ಲ. ಒಲ್ಲೆವು ಎಂದರು, ಎದ್ದು ಹೋದರು. ಮಾರ್ಕೆಟ್ಟಿ, ಸೇಂಟ್ ಕ್ಲೇರ್ ಇಬ್ಬರೂ ಎಂಬತ್ತರ ವಯಸ್ಸಿನಲ್ಲೂ ಇದನ್ನು ಕೇಳಿದವರಿಗೆಲ್ಲ ಹೇಳಿದರು, ಪ್ರತಿ ಸಲವೂ ಇದರಲ್ಲಿ ಯೋಚಿಸುವುದಕ್ಕೆ ಏನಿತ್ತು ಎಂಬ ಧಾಟಿಯಲ್ಲೇ.

ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಆ ಧಾಟಿ. ಅವರು ನಾಗರಿಕ ಹಕ್ಕುಗಳ ಹೋರಾಟಗಾರರಾಗಿರಲಿಲ್ಲ. ಶಾಲೆಗಳಲ್ಲಿ ಪ್ರತ್ಯೇಕತೆ ಸಂವಿಧಾನಬಾಹಿರವೆಂಬ ತೀರ್ಪು ಬರಲು ಇನ್ನೂ ಮೂರು ವರ್ಷವಿತ್ತು, ಮಾಂಟ್‌ಗಮರಿಯ ಬಸ್ ಬಹಿಷ್ಕಾರಕ್ಕೆ ನಾಲ್ಕು. ಅವರ ಕೈಯಲ್ಲಿ ಘೋಷಣಾ ಫಲಕವಿರಲಿಲ್ಲ, ಪತ್ರಿಕಾಗೋಷ್ಠಿ ಕರೆಯಲಿಲ್ಲ. ಒಬ್ಬ ಬಡ ಇಟಾಲಿಯನ್ ವಲಸಿಗನ ಮಗನಿಗೆ ಬೌಲ್ ಪಂದ್ಯವೆಂದರೆ ಜೀವನದಲ್ಲಿ ಒಮ್ಮೆ ಸಿಗುವ ಮೆರವಣಿಗೆ. ವೃತ್ತಿಪರ ತಂಡಗಳ ಕಣ್ಣಿಗೆ ಬೀಳುವ ದೊಡ್ಡ ಜಾಗವೂ ಅದೇ. ಅದನ್ನು ಬಿಡುವಾಗ ಅವರು ದೇಶದ ನ್ಯಾಯ ಅನ್ಯಾಯಗಳ ತಕ್ಕಡಿ ಹಿಡಿಯಲಿಲ್ಲ. ಕಾರ್ನಿಂಗ್‌ನ ಬಿಸಿಲಿನಲ್ಲಿ ತಮ್ಮನ್ನು ಎತ್ತಿ ನಿಲ್ಲಿಸಿದ ಇಬ್ಬರನ್ನು ಮನೆಯಲ್ಲಿ ಬಿಟ್ಟು ಹಬ್ಬಕ್ಕೆ ಹೋಗುವುದು ಆಗದ ಕೆಲಸ ಎಂದಷ್ಟೇ ಅವರಿಗೆ ಗೊತ್ತಿತ್ತು.

ಹಾಗೆಂದು ಇದನ್ನು ಬಿಳಿಯ ಹುಡುಗರ ದೊಡ್ಡತನದ ಕಥೆಯನ್ನಾಗಿ ಮಾತ್ರ ಹೇಳುವವರ ಜೊತೆ ನಾನು ಒಪ್ಪಲಾರೆ. ಆ ಕೋಣೆಯಲ್ಲಿ ಮ್ಯಾಟ್ಸನ್ ಮತ್ತು ಟೋಲರ್ ಕೂಡ ಕೂತಿದ್ದರು. ತಮ್ಮ ಚರ್ಮದ ಬಣ್ಣದಿಂದಾಗಿ ಮೂವತ್ತಕ್ಕೂ ಹೆಚ್ಚು ಗೆಳೆಯರ ಕನಸು ಮುರಿಯುವುದನ್ನು ನೋಡುತ್ತ ಕೂರುವ ಭಾರ ಆ ಇಬ್ಬರದು. ಅವರು ಮಾಡಿದ ತಪ್ಪಾದರೂ ಏನು? ಮ್ಯಾಟ್ಸನ್ ಆ ಋತುವಿನಲ್ಲಿ 1,566 ಗಜ ಓಡಿದ್ದ, 21 ಟಚ್‌ಡೌನ್ ಗಳಿಸಿದ್ದ. ಎರಡರಲ್ಲೂ ದೇಶಕ್ಕೆ ಮೊದಲಿಗ. ಟೋಲರ್‌ನನ್ನು ತಂಡದ ಅತ್ಯುತ್ತಮ ಆಟಗಾರನೆಂದು ಅವನ ಜೊತೆಯವರೇ ಹೇಳುತ್ತಿದ್ದರು, ಮ್ಯಾಟ್ಸನ್‌ಗಿಂತಲೂ ಮಿಗಿಲೆಂದು ಕೆಲವರು. ಚೆನ್ನಾಗಿ ಆಡಿದ್ದೇ ಅವರ ಅಪರಾಧ. ಆ ಭಾರವನ್ನು ಅವರಿಬ್ಬರೂ ಮುಂದೆ ಯಾರ ಮೇಲೂ ಹೊರಿಸಲಿಲ್ಲ, ಹೆಚ್ಚು ಮಾತಾಡಲೂ ಇಲ್ಲ.

ಡಾನ್ಸ್ ಮೊದಲಿಗರೇನಲ್ಲ ಎಂಬುದನ್ನೂ ಹೇಳಬೇಕು. 1946ರಲ್ಲಿ ಪೆನ್ ಸ್ಟೇಟ್ ಆಟಗಾರರು ತಮ್ಮ ಕಪ್ಪು ಸಂಗಾತಿಗಳನ್ನು ಬಿಟ್ಟು ಮಯಾಮಿಗೆ ಆಡಲು ಹೋಗುವುದಿಲ್ಲವೆಂದು ತೀರ್ಮಾನಿಸಿ ಪಂದ್ಯವನ್ನೇ ರದ್ದು ಮಾಡಿಸಿದ್ದರು. 1948ರಲ್ಲಿ ಪೆನ್ಸಿಲ್ವೇನಿಯಾದ ಪುಟ್ಟ ಲಾಫಯೆಟ್ ಕಾಲೇಜು, ಡೇವ್ ಶೋವೆಲ್ ಎಂಬ ಕಪ್ಪು ಆಟಗಾರನಿಗೆ ಪ್ರವೇಶವಿಲ್ಲವೆಂದಾಗ, ಟೆಕ್ಸಸ್‌ನ ಎಲ್ ಪಾಸೊದ ಸನ್ ಬೌಲ್ ಆಹ್ವಾನವನ್ನು ತಿರಸ್ಕರಿಸಿತ್ತು. ಲಾಸ್ ಏಂಜಲೀಸ್‌ನ ಲೊಯೋಲಾ ತಂಡ 1950ರಲ್ಲಿ ಅದೇ ಕಾರಣಕ್ಕೆ ಎಲ್ ಪಾಸೊದ ಪಂದ್ಯವೊಂದನ್ನು ಕೈಬಿಟ್ಟಿತ್ತು. ಇಂಥ ನಿರಾಕರಣೆಗಳ ಪೆಟ್ಟಿಗೆ ಎಲ್ ಪಾಸೊ ಸಡಿಲವಾಯಿತು. ಅದಕ್ಕೇ 1952ರ ಜನವರಿಯಲ್ಲಿ ಅಲ್ಲಿನ ಸನ್ ಬೌಲ್‌ಗೆ ಕಾಲೇಜ್ ಆಫ್ ದಿ ಪೆಸಿಫಿಕ್ ಹೋಗಬಲ್ಲದಾಯಿತು. ಡಾನ್ಸ್‌ನಿಂದ ಮೂವತ್ತಮೂರು ಅಂಕಗಳ ಅಂತರದಲ್ಲಿ ಸೋತ ಅದೇ ಪೆಸಿಫಿಕ್. ಮಯಾಮಿಯ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಟೆಕ್ ಮತ್ತು ಬೇಲರ್ ಆಡಿದವು.

ನವೆಂಬರ್ 24ರಂದು ಕೊನೆಯ ಪಂದ್ಯ, ಲೊಯೋಲಾ ವಿರುದ್ಧ, ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ. ಲಕ್ಷದಷ್ಟು ಜನ ಹಿಡಿಸುವ ಆ ದೊಡ್ಡ ಬಟ್ಟಲಿನಲ್ಲಿ ಎರಡು ಸಣ್ಣ ಕ್ಯಾಥೊಲಿಕ್ ಕಾಲೇಜುಗಳು. ಲೊಯೋಲಾದ ಡಾನ್ ಕ್ಲಾಸ್ಟರ್‌ಮನ್ ಚೆಂಡು ಎಸೆಯುವುದರಲ್ಲಿ ದೇಶದ ಮುಂಚೂಣಿಯವನು. ಮಾರ್ಕೆಟ್ಟಿ, ಟೋಲರ್ ಮತ್ತು ಸಂಗಡಿಗರು ಅವನ ತಂಡಕ್ಕೆ ಒಂದು ಟಚ್‌ಡೌನನ್ನೂ ಬಿಟ್ಟುಕೊಡಲಿಲ್ಲ. 20-2. ಒಂಬತ್ತಕ್ಕೆ ಒಂಬತ್ತು. ಅಸೋಸಿಯೇಟೆಡ್ ಪ್ರೆಸ್‌ನ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ ಸ್ಥಾನ ಹದಿನಾಲ್ಕು.

ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ಆಗ ಸುಮಾರು 70,000 ಡಾಲರ್ ಸಾಲದಲ್ಲಿತ್ತು. ಒಂದು ಬೌಲ್ ಪಂದ್ಯದ ಪಾಲು ಅದನ್ನು ತೀರಿಸುತ್ತಿತ್ತು, ಅಥವಾ ತೀರಿಸುವ ಹತ್ತಿರ ತರುತ್ತಿತ್ತು. ಬೌಲ್ ಸಿಕ್ಕಿದ್ದರೆ ತಂಡ ಎಷ್ಟು ವರ್ಷ ಬಾಳುತ್ತಿತ್ತು ಎಂದರೆ, ಬಹಳ ವರ್ಷ ಅಲ್ಲ ಎಂದೇ ನನ್ನ ಅಂದಾಜು. ಸಣ್ಣ ಕಾಲೇಜುಗಳ ಫುಟ್‌ಬಾಲಿಗೆ ಅದು ಕೆಟ್ಟ ಕಾಲ. ಕೀಝಾರ್‌ನಲ್ಲೇ 1946ರಿಂದ ವೃತ್ತಿಪರ ಫಾರ್ಟಿನೈನರ್ಸ್ ತಂಡ ಆಡತೊಡಗಿ ಪ್ರೇಕ್ಷಕರನ್ನು ಸೆಳೆದುಕೊಂಡಿತ್ತು. ಟೆಲಿವಿಷನ್ ಮನೆಯೊಳಗೆ ಬಂದಿತ್ತು. ಆಕ್ರಮಣಕ್ಕೊಂದು, ರಕ್ಷಣೆಗೊಂದು ಎಂದು ಎರಡು ಗುಂಪು ಆಟಗಾರರನ್ನು ಸಾಕುವ ಪದ್ಧತಿ ಬಂದು ಖರ್ಚು ಏರಿತ್ತು. ಕೊಲ್ಲಿಯಾಚೆಯ ಸೇಂಟ್ ಮೇರಿಸ್ 1950ರ ಋತುವಿನ ನಂತರ ಕೈಚೆಲ್ಲಿತ್ತು. ಕೊನೆಯ ಎದುರಾಳಿ ಲೊಯೋಲಾ ಅದೇ 1951ರಲ್ಲಿ ತಂಡ ಮುಚ್ಚಿತು. 1950ರ ಜನವರಿಯಲ್ಲಿ ಆರೆಂಜ್ ಬೌಲ್‌ನಲ್ಲಿ ಕೆಂಟಕಿಯನ್ನು ಸೋಲಿಸಿದ್ದ ಸ್ಯಾಂಟಾ ಕ್ಲಾರಾ ಕೂಡ 1952ರಾಚೆ ಉಳಿಯಲಿಲ್ಲ. ಆದರೂ ಆ ದಿನ ಆ ಹುಡುಗರಿಗೆ ಈ ಇತಿಹಾಸ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ತಮ್ಮ ಕಾಲೇಜಿಗೆ ದುಡ್ಡು ಬೇಕು ಎಂಬುದು, ದುಡ್ಡು ಬರುವ ಬಾಗಿಲು ಯಾವುದು ಎಂಬುದು. ತಿಳಿದೇ ಒಲ್ಲೆ ಎಂದರು. ಇನ್ನೂ ಓದು ಮುಗಿಯದಿದ್ದ ಸೇಂಟ್ ಕ್ಲೇರ್ ಕೊನೆಯ ವರ್ಷ ಆಡಲು ಒಕ್ಲಹೋಮಾದ ಟಲ್ಸಾ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಯಿತು.

ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೊವನ್ನು ಪುಣ್ಯಭೂಮಿಯೆಂದು ಬಗೆಯಬಾರದು. 1957ರಲ್ಲಿ ಬೇಸ್‌ಬಾಲಿನ ಮಹಾ ತಾರೆ ವಿಲ್ಲಿ ಮೇಸ್ ಈ ಊರಲ್ಲಿ ಮನೆ ಕೊಳ್ಳಲು ಹೋದಾಗ ನೆರೆಹೊರೆಯ ಬಿಳಿಯರು ತಕರಾರು ತೆಗೆದು, ಮನೆ ಮಾರುವವನು ಹಿಂಜರಿದಿದ್ದ. ಮೇಯರ್ ಮಧ್ಯೆ ಬರುವಷ್ಟು ದೊಡ್ಡ ಗದ್ದಲವಾಯಿತು. ದಕ್ಷಿಣದಲ್ಲಿ ಫಲಕ ಬರೆದು ಹಾಕಿದ್ದನ್ನು ಇಲ್ಲಿ ಬಾಯಿಮಾತಿನಲ್ಲಿ ನಡೆಸುತ್ತಿದ್ದರು. ಗುಡ್ಡದ ಮೇಲಿನ ಕಾಲೇಜಿನಲ್ಲಿ ಮಾತ್ರ ಒಂದು ದಾರಿ ಮುಂದುವರಿಯಿತು. ಫುಟ್‌ಬಾಲ್ ನಿಂತ ನಾಲ್ಕು ವರ್ಷಕ್ಕೆ ಅದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡ, ಬಿಲ್ ರಸೆಲ್ ಮತ್ತು ಕೆ.ಸಿ. ಜೋನ್ಸ್ ಎಂಬ ಕಪ್ಪು ಆಟಗಾರರ ನೇತೃತ್ವದಲ್ಲಿ, 1955 ಮತ್ತು 1956ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಡಾನ್ಸ್ ಚದುರಿದರು, ಆದರೆ ಆಟ ಅವರನ್ನು ಬಿಡಲಿಲ್ಲ. ಕುಹಾರಿಚ್ 1952ರಲ್ಲಿ ವೃತ್ತಿಪರ ಶಿಕಾಗೊ ಕಾರ್ಡಿನಲ್ಸ್‌ನ ಕೋಚ್ ಆದ. ಕಾರ್ಡಿನಲ್ಸ್ ಮೊದಲ ಸುತ್ತಿನಲ್ಲೇ ಮ್ಯಾಟ್ಸನ್‌ನನ್ನು ಆರಿಸಿಕೊಂಡಿತು. ಆ ಬೇಸಿಗೆ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದ ಮ್ಯಾಟ್ಸನ್ 400 ಮೀಟರ್‌ನಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದು ಬಂದ. 1959ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಅವನೊಬ್ಬನಿಗಾಗಿ ಒಂಬತ್ತು ಜನರ ಲೆಕ್ಕ ಕೊಟ್ಟಿತು. ಆ ವ್ಯವಹಾರ ಕುದುರಿಸಿದ ರ‍್ಯಾಮ್ಸ್ ವ್ಯವಸ್ಥಾಪಕ ಬೇರೆ ಯಾರೂ ಅಲ್ಲ, ಹಿಂದೆ ಡಾನ್ಸ್ ಸುದ್ದಿ ಹಂಚುತ್ತಿದ್ದ ಪೀಟ್ ರೋಝೆಲ್. ಮರುವರ್ಷ ಮೂವತ್ತಮೂರರ ಹರೆಯದಲ್ಲಿ ರೋಝೆಲ್ ಇಡೀ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಆಯುಕ್ತನಾದ. 1989ರ ತನಕ ಆ ಕುರ್ಚಿಯಲ್ಲಿದ್ದು ಅಮೆರಿಕದ ಭಾನುವಾರಗಳನ್ನೇ ಬದಲಿಸಿದ. ಮಾರ್ಕೆಟ್ಟಿ ಬಾಲ್ಟಿಮೋರ್ ಕೋಲ್ಟ್ಸ್‌ನಲ್ಲಿ ರಕ್ಷಣಾ ಆಟಗಾರನಾಗಿ ಆ ಸ್ಥಾನಕ್ಕೇ ಮಾದರಿಯಾದ. 1958ರ ಅಂತಿಮ ಪಂದ್ಯದಲ್ಲಿ ಎದುರಾಳಿಯ ಓಟ ತಡೆಯುವಾಗ ಅವನ ಕಾಲು ಮುರಿಯಿತು, ಆದರೆ ಎದುರಾಳಿಗೆ ಬೇಕಾದ ದೂರ ಸಿಗಲಿಲ್ಲ. ಸೇಂಟ್ ಕ್ಲೇರ್ ಫಾರ್ಟಿನೈನರ್ಸ್ ಸೇರಿ ಮತ್ತೆ ತನ್ನ ಹಳೆಯ ಕೀಝಾರ್‌ಗೇ ಬಂದ; ಇಂದು ಅಲ್ಲಿನ ಕಣಕ್ಕೆ ಅವನದೇ ಹೆಸರು. ಮ್ಯಾಟ್ಸನ್ ಮತ್ತು ಮಾರ್ಕೆಟ್ಟಿ 1972ರಲ್ಲಿ, ರೋಝೆಲ್ 1985ರಲ್ಲಿ, ಸೇಂಟ್ ಕ್ಲೇರ್ 1990ರಲ್ಲಿ ಕೀರ್ತಿಮಂದಿರ ಸೇರಿದರು.

ಮ್ಯಾಟ್ಸನ್‌ನ ಕೊನೆಗಾಲ ಮಾತ್ರ ಕಷ್ಟದ್ದು. ಮರೆವು ಕವಿದು ಮಾತೇ ನಿಂತಿತ್ತು. 2011ರಲ್ಲಿ ತೀರಿಕೊಂಡ. ಮರಣಾನಂತರ ಮೆದುಳನ್ನು ಪರೀಕ್ಷಿಸಿದಾಗ ವರ್ಷಗಟ್ಟಲೆ ತಲೆಗೆ ಬಿದ್ದ ಪೆಟ್ಟುಗಳು ಉಳಿಸಿದ ರೋಗ ಕಂಡುಬಂತು. ಗೆಲುವಿನ ಕಥೆ ಹೇಳುವಾಗ ಇದನ್ನು ಬಿಟ್ಟುಬಿಡುವುದು ಸರಿಯಲ್ಲ. ಆ ಓಟಗಳಿಗೆ ಅವನು ತೆತ್ತ ಬೆಲೆಯಲ್ಲಿ ಇದೂ ಸೇರಿದೆ.

ಟೋಲರ್‌ಗೆ ವೃತ್ತಿಪರ ಆಟದ ಭಾಗ್ಯವೇ ಸಿಗಲಿಲ್ಲ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಆರಿಸಿಕೊಂಡಿತ್ತು; ಆದರೆ 1952ರ ಬೇಸಿಗೆಯಲ್ಲಿ ಕಾಲೇಜ್ ತಾರೆಯರ ಪ್ರದರ್ಶನ ಪಂದ್ಯದಲ್ಲಿ ಅವನ ಮಂಡಿ ಮುರಿಯಿತು. ಗೆಳೆಯರೆಲ್ಲ ವಾರ ವಾರ ಕಣಕ್ಕಿಳಿಯುತ್ತಿದ್ದಾಗ ಅವನು ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಯೊಂದರಲ್ಲಿ ಮೇಷ್ಟ್ರಾದ, ಬೆಂಜಮಿನ್ ಫ್ರಾಂಕ್ಲಿನ್ ಮಾಧ್ಯಮಿಕ ಶಾಲೆಯ ಪ್ರಿನ್ಸಿಪಾಲನಾದ. ಆ ಶಾಲೆಯ ಆವರಣಕ್ಕೆ ಮುಂದೆ ಅವರ ಹೆಸರನ್ನೇ ಇಟ್ಟರು. ಆಡಲಾಗದಿದ್ದರೇನು, ತೀರ್ಪು ಕೊಡಬಹುದಲ್ಲ ಎಂದು ರೆಫರಿಯ ಕೆಲಸ ಕಲಿತರು. 1965ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಅವರನ್ನು ನೇಮಿಸಿತು. ಅಮೆರಿಕದ ಯಾವ ಪ್ರಮುಖ ವೃತ್ತಿಪರ ಕ್ರೀಡೆಯಲ್ಲೂ ಅದಕ್ಕೆ ಮೊದಲು ಕಪ್ಪು ಅಧಿಕಾರಿ ಇರಲಿಲ್ಲ. ವಾರವಿಡೀ ಶಾಲೆ, ಭಾನುವಾರ ಪಟ್ಟೆಪಟ್ಟೆ ಅಂಗಿ ತೊಟ್ಟು ಕಣ. 1980ರ ಜನವರಿಯಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಹದಿನಾಲ್ಕನೇ ಬಾರಿ ನಡೆದಾಗ ಟೋಲರ್ ಹೆಡ್ ಲೈನ್ಸ್‌ಮನ್ ಆಗಿದ್ದರು. ನಡೆದದ್ದು ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ, ಡಾನ್ಸ್ ತನ್ನ ಕೊನೆಯ ಪಂದ್ಯ ಗೆದ್ದ ಅದೇ ಹುಲ್ಲಿನ ಮೇಲೆ. ಲಕ್ಷಕ್ಕೂ ಮಿಕ್ಕಿದ ಜನರೆದುರು, ಚೆಂಡು ಎಲ್ಲಿ ನಿಂತಿತು ಎಂದು ತೋರಿಸುವ ಕೈ ಅವರದಾಗಿತ್ತು.

ದಕ್ಷಿಣದ ಬೌಲ್‌ಗಳೂ ಒಂದೊಂದಾಗಿ ಮಣಿದವು. 1956ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಬಾಬಿ ಗ್ರಿಯರ್ ಶುಗರ್ ಬೌಲ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದ. ಎದುರಾಳಿ ಜಾರ್ಜಿಯಾ ಟೆಕ್ ಆಡಬಾರದೆಂದು ಜಾರ್ಜಿಯಾದ ಗವರ್ನರ್ ಮಾರ್ವಿನ್ ಗ್ರಿಫಿನ್ ಹಟ ಹಿಡಿದಾಗ, ಟೆಕ್‌ನ ಬಿಳಿಯ ವಿದ್ಯಾರ್ಥಿಗಳೇ ಅವನ ವಿರುದ್ಧ ಬೀದಿಗಿಳಿದರು. ಅದೇ ವರ್ಷ ಲೂಸಿಯಾನ ರಾಜ್ಯ ಕಪ್ಪು ಬಿಳಿಯರು ಕೂಡಿ ಆಡುವುದನ್ನೇ ನಿಷೇಧಿಸುವ ಕಾನೂನು ತಂದಿತು. 1959ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅದು ಬಿದ್ದುಹೋಯಿತು.

ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ಕಟ್ಟಿದ ವಿದ್ಯಾರ್ಥಿನಿಲಯವೊಂದಿದೆ. ಅದಕ್ಕೆ ಜೇಮ್ಸ್ ಫೀಲನ್ ಎಂಬವನ ಹೆಸರಿಟ್ಟಿದ್ದರು. ಊರಿನ ಮೇಯರ್ ಆಗಿದ್ದವನು, ಆಮೇಲೆ ಸೆನೆಟರ್. 1920ರ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯಾವನ್ನು ಬಿಳಿಯದಾಗಿಯೇ ಉಳಿಸಿ ಎಂಬ ಘೋಷಣೆ ಹಿಡಿದು ಮತ ಕೇಳಿದವನು. ಚೀನೀಯರು, ಜಪಾನೀಯರು ಈ ನೆಲಕ್ಕೆ ಬರಬಾರದೆಂಬುದು ಅವನ ಜೀವನಪೂರ್ತಿಯ ಹಟ. ಭಾರತೀಯರಿಗೂ ಅಮೆರಿಕದ ಬಾಗಿಲು ಮುಚ್ಚಿದ 1917ರ ವಲಸೆ ಕಾನೂನು ಅವನು ಸೆನೆಟ್‌ನಲ್ಲಿದ್ದ ಕಾಲದ್ದೇ. ವಿದ್ಯಾರ್ಥಿಗಳು ಒತ್ತಾಯಿಸಿದ ಮೇಲೆ 2017ರಲ್ಲಿ ಫೀಲನ್‌ನ ಹೆಸರನ್ನು ತೆಗೆದು ಆ ಕಟ್ಟಡವನ್ನು ಬರ್ಲ್ ಟೋಲರ್ ಹಾಲ್ ಎಂದು ಕರೆದರು. ಟೋಲರ್ 2009ರಲ್ಲೇ ತೀರಿಕೊಂಡಿದ್ದರು. ಏಷ್ಯಾದಿಂದ ಓದಲು ಬಂದ ಮಕ್ಕಳೂ ಈಗ ಆ ಕಟ್ಟಡದಲ್ಲಿ ವಾಸಿಸುತ್ತಾರೆ, ಅವರಲ್ಲಿ ನಮ್ಮವರೂ ಇರುತ್ತಾರೆ.